ಪೇಟೆಂಟ್ ಎಂದರೇನು? ಬೀಜ ಯಾರದು?

(ಅಧ್ಯಯನ ಪಾಠ)



ಕಾಫಿ, ಅಡಿಕೆ ಬೆಳೆಯುವ ನಾವು ತೊಗರಿ ಬೆಳೆಯುವವರಲ್ಲ. ಆದರೆ ದಿನವೂ ನಮ್ಮ ಒಲೆಯ ಮೇಲೆ ಕುದಿಯುವ ಸಾರಿಗೆ ತೊಗರಿಬೇಳೆ ಬೇಕೇ ಬೇಕು. ಅದಕ್ಕೆ ಹೆಸರಾದ ನೆಲ ಕಲಬುರ್ಗಿ ಜಿಲ್ಲೆ. ಅಲ್ಲಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಪ್ಪುಭೂಮಿಯ ರೈತರಿಗೆ ತೊಗರಿಯೇ ಜೀವನಾಧಾರ. 2022ರ ಕೊನೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನೆಟೆರೋಗ ಬಂದು ಆ ಜಿಲ್ಲೆಯಲ್ಲಿ ಅಪಾರ ಬೆಳೆ ನಿಂತಲ್ಲೇ ಒಣಗಿತು. ಒಂದೇ ಮಳೆಗಾಲದ ಕೊಳೆರೋಗದಲ್ಲಿ ಅಡಿಕೆ ಕಳೆದುಕೊಂಡ ನಮಗೆ ಆ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ಸಂಕಟದ ಹೊತ್ತಿನಲ್ಲಿ 'ಪೇಟೆಂಟ್ ಪಡೆದ ಔಷಧಿ', 'ಪೇಟೆಂಟ್ ಬೀಜ' ಎಂಬ ಮಾತು ಕಿವಿಗೆ ಬಿದ್ದರೆ ರೈತನು ಎರಡು ಬಗೆಯಲ್ಲಿ ನಷ್ಟಪಡಬಹುದು. ಹೆದರಿ, ತನ್ನ ಬೀಜವನ್ನು ತಾನೇ ಉಳಿಸಿಕೊಳ್ಳುವುದನ್ನು ಬಿಡಬಹುದು. ಇಲ್ಲವೇ ಆ ಮಾತನ್ನು ನಂಬಿ, ಸಲ್ಲದ ಬೆಲೆ ತೆರಬಹುದು. ಎರಡಕ್ಕೂ ಮದ್ದು ತಿಳಿವಳಿಕೆಯೇ. ಪೇಟೆಂಟ್ ಎಂದರೇನೆಂಬುದನ್ನು ಎರಡು ಉದಾಹರಣೆಗಳಿಂದ ಇಲ್ಲಿ ಸ್ಥೂಲವಾಗಿ ವಿವರಿಸಿದ್ದೇವೆ.

ಪೇಟೆಂಟ್ ಒಂದು ಚೇಣಿ ಇದ್ದಂತೆ

ಅಡಿಕೆ ತೋಟವನ್ನು ಚೇಣಿಗೆ ಕೊಟ್ಟರೆ ಫಸಲು ಚೇಣಿದಾರನದು, ಆದರೆ ಅವಧಿಗೆ ಮಾತ್ರ. ಅವಧಿ ಮುಗಿದ ಮೇಲೆ ಅವನು ತೋಟದೊಳಗೆ ಕಾಲಿಡುವಂತಿಲ್ಲ. ಪೇಟೆಂಟ್ ಕೂಡ ಹಾಗೆಯೇ. ಹೊಸದನ್ನು ಕಂಡುಹಿಡಿದವನು ತನ್ನ ವಿಧಾನವನ್ನು ಮುಚ್ಚಿಡದೆ ಬರೆದು ಸರ್ಕಾರಕ್ಕೆ ಒಪ್ಪಿಸುತ್ತಾನೆ. ಅದಕ್ಕೆ ಪ್ರತಿಯಾಗಿ, ತನ್ನ ಅಪ್ಪಣೆಯಿಲ್ಲದೆ ಇತರರು ಅದನ್ನು ಮಾಡದಂತೆ, ಮಾರದಂತೆ ತಡೆಯುವ ಹಕ್ಕು ಅವನಿಗೆ ದೊರೆಯುತ್ತದೆ. ನಮ್ಮ ದೇಶದಲ್ಲಿ ಇದರ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಒಂದು ದೇಶದಲ್ಲಿ ಪಡೆದ ಪೇಟೆಂಟ್ ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ. ಇನ್ನೊಂದು ಮಾತನ್ನು ಮರೆಯಬಾರದು: ಪೇಟೆಂಟ್ ಇದೆ ಎಂದರೆ ವಿಧಾನ ಹೊಸದು ಎಂದರ್ಥವೇ ಹೊರತು, ಮದ್ದು ನಮ್ಮ ಹೊಲದಲ್ಲಿ ಗುಣ ಕೊಡುತ್ತದೆ ಎಂಬ ಭರವಸೆಯಲ್ಲ.

ಅವಧಿ ಮುಗಿದ ಉದಾಹರಣೆ: ಕಿವಿಗೆ ಕೇಳದ ಧ್ವನಿ

ಹಲಸಿನ ಹಣ್ಣನ್ನು ತಟ್ಟಿ, ಒಳಗೆ ಬಲಿತಿದೆಯೇ ಎಂದು ನಾವು ಸದ್ದಿನಿಂದಲೇ ತಿಳಿಯುತ್ತೇವೆ. ಉಕ್ಕಿನ ಒಳಗಿನ ಬಿರುಕನ್ನು ಹೀಗೆಯೇ ತಿಳಿಯುವ ಉಪಾಯವನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ ಎಂಬವರು ಕಂಡುಕೊಂಡರು. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಬಾರಿ ಕಂಪಿಸುವ, ಮನುಷ್ಯನ ಕಿವಿಗೆ ಕೇಳದ ಧ್ವನಿಯನ್ನು ಲೋಹದೊಳಕ್ಕೆ ಕಳಿಸಿ, ಅದರ ಪ್ರತಿಧ್ವನಿ ಮರಳಿ ಬರುವ ಕಾಲವನ್ನು ಅಳೆಯುವುದೇ ಆ ಉಪಾಯ. ನಡುವೆ ಬಿರುಕಿದ್ದರೆ ಪ್ರತಿಧ್ವನಿ ಬೇಗ ಬರುತ್ತದೆ. ಅವರು 1940ರಲ್ಲಿ ಅರ್ಜಿ ಹಾಕಿದರು. 1942ರಲ್ಲಿ ಪೇಟೆಂಟ್ ದೊರೆಯಿತು. ಆಗ ಆ ದೇಶದಲ್ಲಿದ್ದ ನಿಯಮದಂತೆ ಕೊಟ್ಟ ದಿನದಿಂದ 17 ವರ್ಷ, ಅಂದರೆ 1959ಕ್ಕೆ, ಅದು ಮುಗಿಯಿತು.

ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗುವವರು ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅವರನ್ನು ಹೊತ್ತು ತರುವ ನಮ್ಮ ರೈಲ್ವೆಯ ಹಳಿಗಳಲ್ಲಿ ಬಿರುಕು ಹುಡುಕುವುದು ಇದೇ ತತ್ತ್ವದಿಂದ. ಮೂಲ ಉಪಾಯಕ್ಕಾಗಿ ಇಂದು ಯಾರಿಗೂ ಕಾಸು ಕೊಡಬೇಕಾಗಿಲ್ಲ. ಅದು ಎಲ್ಲರ ಸೊತ್ತು.

ಇನ್ನೂ ನಡೆಯುತ್ತಿರುವ ಉದಾಹರಣೆ: ಜೀನ್‌ಗಳನ್ನು ಸುಮ್ಮನಾಗಿಸುವುದು

ನಮ್ಮ ಸಂಘದ ದೊಡ್ಡ ಲೆಕ್ಕದ ಪುಸ್ತಕ ಬೀರುವಿನಲ್ಲಿರುತ್ತದೆ. ಗೋದಾಮಿಗೆ ಹೋಗುವುದು ಚೀಟಿ ಮಾತ್ರ. ಚೀಟಿ ನೋಡಿ ಗೊಬ್ಬರ ಕೊಡುತ್ತಾರೆ. ಜೀವಕೋಶದಲ್ಲಿ ಜೀನ್ ಆ ಪುಸ್ತಕವಿದ್ದಂತೆ, ಆರ್‌ಎನ್‌ಎ ಆ ಚೀಟಿಯಿದ್ದಂತೆ. ಪುಸ್ತಕವನ್ನು ಮುಟ್ಟದೆ ದಾರಿಯಲ್ಲಿ ಚೀಟಿಯನ್ನು ಹರಿದರೆ ಸರಕು ಹೊರಬೀಳುವುದಿಲ್ಲ. ಎರಡೆಳೆಯ ಆರ್‌ಎನ್‌ಎಯಿಂದ ಹೀಗೆ ಮಾಡಬಹುದೆಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಸಣ್ಣ ಹುಳುವಿನ ಮೇಲೆ ಪ್ರಯೋಗ ನಡೆಸಿ 1998ರಲ್ಲಿ ತೋರಿಸಿದರು. 2003ರಲ್ಲಿ ಅಮೆರಿಕದ ಪೇಟೆಂಟ್, 2006ರಲ್ಲಿ ನೊಬೆಲ್ ಬಹುಮಾನ ಬಂದವು. ಈ ತತ್ತ್ವದ ಮೊದಲ ಔಷಧಿಯಾದ ಪಟಿಸಿರಾನ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೂಲ ಪೇಟೆಂಟಿನ 20 ವರ್ಷ ಈಗ ಕಳೆದಿದೆ. ಆದರೆ ಅದರ ಮೇಲೆ ಕಟ್ಟಿದ ಹೊಸ ಔಷಧಿಗಳಿಗೆ ಬೇರೆ ಬೇರೆ ಪೇಟೆಂಟುಗಳಿವೆ.

ಇದು ಆಸ್ಪತ್ರೆಗೆ ಮಾತ್ರ ಸೇರಿದ ಸಂಗತಿಯಲ್ಲ. 2003ರಲ್ಲಿ ಜಪಾನಿನ ನಾರಾ ಸಂಸ್ಥೆಯ ವಿಜ್ಞಾನಿಗಳು ರೊಬಸ್ಟಾ ಜಾತಿಯ ಕಾಫಿ ಸಸಿಗಳಲ್ಲಿ ಇದೇ ಉಪಾಯದಿಂದ ಕೆಫೀನನ್ನು ಶೇಕಡಾ 70ರವರೆಗೆ ತಗ್ಗಿಸಿದರು. 2023ರ ಡಿಸೆಂಬರಿನಲ್ಲಿ ಆಲೂಗಡ್ಡೆಯ ದುಂಬಿಗೆ ಸಿಂಪಡಿಸುವ ಆರ್‌ಎನ್‌ಎ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಬಂತು. ಶಿಲೀಂಧ್ರಗಳ ಮೇಲೂ ಪ್ರಯತ್ನ ನಡೆದಿದೆ. ಆದರೆ ತೊಗರಿಯ ನೆಟೆರೋಗಕ್ಕೆ ರೈತನ ಕೈಗೆ ಬಂದಿರುವ ಅಂಥ ಮದ್ದು ಇಲ್ಲ. ಆ ಹೆಸರು ಹೇಳಿ ಯಾರಾದರೂ ಸೀಸೆ ಮಾರಿದರೆ ಕೊಳ್ಳುವ ಮುನ್ನ ವಿಚಾರಿಸತಕ್ಕದ್ದು.

ಹೊಲದಲ್ಲಿ ಕಾನೂನು ಏನು ಹೇಳುತ್ತದೆ?

1. ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೆಯ ಕಲಮಿನಂತೆ ಬೇಸಾಯದ ವಿಧಾನಕ್ಕೆ ಪೇಟೆಂಟ್ ಇಲ್ಲ. ಗಿಡ, ಬೀಜ, ತಳಿಗಳಿಗೂ ಇಲ್ಲ. ಬೀಜದೊಳಗೆ ಸೇರಿಸಿದ ಜೀನಿನ ಬಗ್ಗೆ ಮಾತ್ರ ವ್ಯಾಜ್ಯ ನಡೆದಿದೆ. ಬಿಟಿ ಹತ್ತಿಯ ಜೀನಿನ ಪೇಟೆಂಟನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿಟ್ಟು ಪ್ರಕರಣವನ್ನು ಮರುವಿಚಾರಣೆಗೆ ಕಳಿಸಿತು.

2. ತಳಿಗಳಿಗೆ ಬೇರೆ ಕಾಯಿದೆಯಿದೆ. ಅದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ. ಅದರ 39ನೆಯ ಕಲಮಿನಂತೆ, ಸಂರಕ್ಷಿತ ತಳಿಯಾದರೂ ಸರಿ, ರೈತನು ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ನೆರೆಯವರೊಡನೆ ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಕಂಪನಿಯ ಹೆಸರಿನ ಚೀಲದಲ್ಲಿ ತುಂಬಿ ಮಾರಬಾರದು, ಅಷ್ಟೆ.

3. ಅದೇ ಕಲಮಿನಂತೆ, ಸಂರಕ್ಷಿತ ತಳಿಯನ್ನು ಮಾರುವವನು ಅದು ಎಷ್ಟು ಫಲ ಕೊಡುವುದೆಂದು ಮುಂಚಿತವಾಗಿ ತಿಳಿಸಬೇಕು. ಹೇಳಿದಷ್ಟು ಬಾರದಿದ್ದರೆ ರೈತನು ಪರಿಹಾರ ಕೇಳಬಹುದು. ಆದುದರಿಂದ ರಸೀತಿಯನ್ನೂ ಚೀಲದ ಚೀಟಿಯನ್ನೂ ಕೊಯ್ಲಿನವರೆಗೆ ಜೋಪಾನವಾಗಿಡಿರಿ.

ಎಲ್ಲರಿಗೂ ಸೇರಿದ ವಿದ್ಯೆ

ಆ ಮೂರು ತಾಲ್ಲೂಕುಗಳ ರೈತರಿಗೆ ನೆಟೆರೋಗದ ವಿರುದ್ಧ ಈವರೆಗೆ ದೊರೆತ ದೊಡ್ಡ ನೆರವು ಯಾರ ಏಕಸ್ವಾಮ್ಯದಿಂದಲೂ ಬಂದುದಲ್ಲ. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಆಯ್ದ 'ಮಾರುತಿ' ತಳಿ 1986ರಲ್ಲಿ ಬಿಡುಗಡೆಯಾಯಿತು. ಮುಂದೆ ಕಲಬುರ್ಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ತಳಿಗಳು ಬಂದವು. ಜೋಳದೊಡನೆ ಬೆಳೆ ಬದಲಾಯಿಸುವುದು, ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವುದು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ನಮ್ಮಲ್ಲೂ ಹಾಗೆಯೇ. 1908ರಲ್ಲಿ ಮೈಸೂರಿಗೆ ಬಂದ ಡಾ. ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ಕಲಿಸಿದರು. ನಾವಿನ್ನೂ ಅದನ್ನೇ ಸಿಂಪಡಿಸುತ್ತಿದ್ದೇವೆ.

ಊರಿಗೆಲ್ಲ ಸೇರಿದ ಹಕ್ಕೂ ಒಂದಿದೆ. 2019ರಲ್ಲಿ ಕಲಬುರ್ಗಿಯ ತೊಗರಿಬೇಳೆಗೂ ಶಿರಸಿಯ ಅಡಿಕೆಗೂ ಕೊಡಗಿನ ಅರೇಬಿಕಾ ಕಾಫಿಗೂ ಭೌಗೋಳಿಕ ಗುರುತು ದೊರೆಯಿತು. ಪೇಟೆಂಟ್ ಒಬ್ಬನದು, ಈ ಗುರುತು ಆ ಸೀಮೆಯ ಬೆಳೆಗಾರರೆಲ್ಲರದು.

ಹೊಸ ಸಂಶೋಧನೆಯನ್ನು ನಾವು ಹಳಿಯುವುದಿಲ್ಲ. ನಾಳೆ ಜೀನ್‌ಗಳನ್ನು ಸುಮ್ಮನಾಗಿಸುವ ಮದ್ದು ನಿಜವಾಗಿಯೂ ನೆಟೆರೋಗವನ್ನು ತಡೆದರೆ ಅದಕ್ಕೆ ನ್ಯಾಯವಾದ ಬೆಲೆ ಕೊಡುವುದು ಸರಿಯೇ. ಆದರೆ 'ಪೇಟೆಂಟ್ ಇದೆ' ಎಂದು ಯಾರಾದರೂ ಹೇಳಿದಾಗ ಸದಸ್ಯರು ನಾಲ್ಕು ಪ್ರಶ್ನೆ ಕೇಳಬೇಕು: ಯಾವ ದೇಶದ್ದು? ಯಾವ ವರ್ಷದ್ದು? ಯಾವುದರ ಮೇಲೆ, ಯಂತ್ರದ ಮೇಲೋ, ಮದ್ದಿನ ಮೇಲೋ, ಬೀಜದ ಮೇಲೋ? ನಮ್ಮ ಮಣ್ಣಿನಲ್ಲಿ ಇದನ್ನು ಪರೀಕ್ಷಿಸಿದವರು ಯಾರು? ಉತ್ತರ ಸಿಗುವವರೆಗೆ ಹಣದ ಚೀಲದ ಬಾಯಿ ಕಟ್ಟಿಯೇ ಇರಲಿ. ಬೀಜದ ಕಣಜ ಮಾತ್ರ ಬರಿದಾಗದಿರಲಿ.