ತುಂತುರು ಡಬ್ಬಿಯ ಚರಿತ್ರೆ

ನಿತ್ಯವೂ ಕೈಗೆ ಸಿಕ್ಕುವ ವಸ್ತುಗಳ ಹುಟ್ಟನ್ನು ಕುರಿತು ನಾವು ವಿಚಾರಿಸುವುದು ಅಪರೂಪ. ಸೊಳ್ಳೆಯನ್ನು ಕೊಲ್ಲುವುದಕ್ಕೂ, ಕಬ್ಬಿಣದ ಸಾಮಾನಿಗೆ ಬಣ್ಣ ಕೊಡುವುದಕ್ಕೂ, ಸುಗಂಧವನ್ನು ಚಿಮುಕಿಸುವುದಕ್ಕೂ ಇಂದು ಅನೇಕ ಮನೆಗಳಲ್ಲಿ ಒಂದು ಲೋಹದ ಡಬ್ಬಿ ಇರುವುದು. ತಲೆಯ ಮೇಲಿನ ಗುಂಡಿಯನ್ನು ಒತ್ತಿದೊಡನೆಯೇ ಒಳಗಿನ ದ್ರವವು ಮಂಜಿನಂತೆ ಹೊರಹೊಮ್ಮುವುದು. ಇದಕ್ಕೆ ಏರೋಸಾಲ್ ಡಬ್ಬಿಯೆಂದು ಹೆಸರು. ಈ ಅಲ್ಪವಸ್ತುವಿನ ಚರಿತ್ರೆಯಲ್ಲಿ ಒಂದು ಮಹಾಯುದ್ಧವೂ, ಲೋಕಕ್ಕೆಲ್ಲ ಒದಗಿದ ಒಂದು ಗಂಡಾಂತರವೂ ಸೇರಿಕೊಂಡಿವೆ. ಆದುದರಿಂದ ಸೋದರಿಯರೂ ಪೋಷಕರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಡಬ್ಬಿಯ ತತ್ತ್ವವನ್ನು ನೋಡೋಣ. ನೀರು ಕುದಿದು ಆವಿಯಾಗುವುದನ್ನು ಅಡಿಗೆಮನೆಯಲ್ಲಿ ಎಲ್ಲರೂ ಕಂಡಿದ್ದೇವೆ. ಕೆಲವು ಪದಾರ್ಥಗಳಾದರೋ ಒಲೆಯ ಸಹಾಯವಿಲ್ಲದೆ, ಕೋಣೆಯ ಸಾಧಾರಣ ಉಷ್ಣದಲ್ಲಿಯೇ ಕುದಿದು ಅನಿಲವಾಗುವುವು. ಅಂಥದೊಂದನ್ನು ಗಟ್ಟಿಯಾದ ಪಾತ್ರೆಯಲ್ಲಿ ಒತ್ತಿ ತುಂಬಿ ಮುಚ್ಚಿದರೆ, ಅದರ ಹೆಚ್ಚಿನ ಭಾಗವು ದ್ರವವಾಗಿಯೇ ಉಳಿಯುವುದು. ಸ್ವಲ್ಪ ಭಾಗ ಮಾತ್ರ ಆವಿಯಾಗಿ, ಮೇಲಿನ ತೆರಪನ್ನು ತುಂಬಿ, ಕೆಳಗಿನ ದ್ರವವನ್ನು ಅದುಮುತ್ತಿರುವುದು. ಗುಂಡಿಯನ್ನು ಒತ್ತಿದಾಗ ಬಾಯಿ ತೆರೆದು, ಬುಡದವರೆಗೆ ಇಳಿದಿರುವ ಸಣ್ಣ ಕೊಳವೆಯ ಮೂಲಕ ದ್ರವವು ಮೇಲೇರುವುದು. ಹೊರಬಿದ್ದ ಕ್ಷಣದಲ್ಲಿಯೇ ಆ ಅನಿಲದ್ರವವು ಕುದಿದು ಹಾರಿಹೋಗುವುದರಿಂದ, ಅದರೊಡನೆ ಬೆರೆತ ಔಷಧವಾಗಲಿ ಬಣ್ಣವಾಗಲಿ ಸೂಕ್ಷ್ಮವಾದ ಹನಿಗಳಾಗಿ ಒಡೆಯುವುದು. ಬಹಳ ಹೊತ್ತು ಒತ್ತಿದರೆ ಡಬ್ಬಿಯು ಕೈಗೆ ತಣ್ಣಗಾಗುವುದೇಕೆ? ಒಳಗೆ ಹೊಸದಾಗಿ ಆವಿಯಾಗುವ ದ್ರವವು ತನಗೆ ಬೇಕಾದ ಉಷ್ಣವನ್ನು ಡಬ್ಬಿಯಿಂದಲೇ ಹೀರಿಕೊಳ್ಳುವುದರಿಂದ.

ಈ ತತ್ತ್ವವನ್ನು ಡಬ್ಬಿಗೆ ಅಳವಡಿಸಿದ ಕೀರ್ತಿಯು ನಾರ್ವೆ ದೇಶದ ಎರಿಕ್ ರೋಟ್‌ಹೈಮ್ ಎಂಬ ಎಂಜಿನಿಯರಿಗೆ ಸಲ್ಲುವುದು. ಆತನು 1926ರಲ್ಲಿ ಪೇಟೆಂಟಿಗಾಗಿ ಅರ್ಜಿಯಿಟ್ಟನು. 1931ರಲ್ಲಿ ಅಮೆರಿಕಾ ದೇಶದ ಪೇಟೆಂಟೂ ದೊರೆಯಿತು. ಆದರೆ ತನ್ನ ಯುಕ್ತಿಯು ಲೋಕದಲ್ಲಿ ಹರಡುವುದನ್ನು ನೋಡದೆಯೇ 1938ರಲ್ಲಿ ತೀರಿಕೊಂಡನು. ಆತನ ನಾಡಿನವರು 1998ರಲ್ಲಿ ಈ ಡಬ್ಬಿಯ ನೆನಪಿಗಾಗಿ ಅಂಚೆಚೀಟಿಯನ್ನು ಹೊರಡಿಸಿದರು.

ಡಬ್ಬಿಗೆ ಬೇಡಿಕೆಯನ್ನು ತಂದದ್ದು ಯುದ್ಧ. ಮಲೇರಿಯಾ ಜ್ವರವನ್ನು ಹರಡುವುದು ಸೊಳ್ಳೆಯೆಂಬುದಕ್ಕೆ ಮುಖ್ಯವಾದ ಆಧಾರವನ್ನು ರೊನಾಲ್ಡ್ ರಾಸ್ ಎಂಬ ವೈದ್ಯರು 1897ರಲ್ಲಿ ಸಿಕಂದರಾಬಾದಿನಲ್ಲಿಯೇ ಕಂಡುಹಿಡಿದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದ ಸೈನಿಕರಿಗೆ ಶತ್ರುವಿನ ಗುಂಡಿನಷ್ಟೇ ಈ ಜ್ವರವೂ ಭಯಂಕರವಾಗಿತ್ತು. ಅಮೆರಿಕಾ ಸರ್ಕಾರದ ವ್ಯವಸಾಯ ಇಲಾಖೆಯಲ್ಲಿದ್ದ ಲೈಲ್ ಗುಡ್‌ಹ್ಯೂ ಮತ್ತು ವಿಲಿಯಂ ಸಲಿವನ್ ಎಂಬಿಬ್ಬರು 1941ರಲ್ಲಿ ಕೀಟನಾಶಕದ ಡಬ್ಬಿಯನ್ನು ಸಿದ್ಧಪಡಿಸಿದರು. ಅದರೊಳಗಿದ್ದುದು ಸೇವಂತಿಗೆಯ ಬಳಗಕ್ಕೆ ಸೇರಿದ ಹೂವಿನಿಂದ ತೆಗೆದ ಪೈರೆತ್ರಮ್ ಎಂಬ ಸಾರ, ನಮ್ಮೆಲ್ಲರಿಗೂ ಪರಿಚಿತವಾದ ಎಳ್ಳೆಣ್ಣೆ, ಮತ್ತು ಫ್ರಿಯಾನ್ ಎಂಬ ಅನಿಲದ್ರವ. ಎಳ್ಳೆಣ್ಣೆಯು ಪೈರೆತ್ರಮಿನ ಶಕ್ತಿಯನ್ನು ಹೆಚ್ಚಿಸುವುದೆಂಬುದು ಆಗತಾನೆ ತಿಳಿದುಬಂದಿತ್ತು. ಒತ್ತಡವನ್ನು ತಡೆಯಲು ಭಾರವಾದ ಉಕ್ಕಿನ ಪಾತ್ರೆಯೇ ಬೇಕಾಗಿದ್ದಿತು. ಸೈನಿಕರು ಇದನ್ನು ಕೀಟಬಾಂಬು ಎಂದು ಕರೆದು, ಡೇರೆಗಳಲ್ಲಿಯೂ ವಿಮಾನಗಳಲ್ಲಿಯೂ ಉಪಯೋಗಿಸಿದರು.

ಯುದ್ಧವು ಮುಗಿದ ಮೇಲೆ ಡಬ್ಬಿಯು ಮನೆಗಳನ್ನು ಪ್ರವೇಶಿಸಿತು. 1949ರಲ್ಲಿ ರಾಬರ್ಟ್ ಅಬ್‌ಪ್ಲಾನಾಲ್ಪ್ ಎಂಬಾತನು ಅಗ್ಗವಾಗಿಯೂ ಸೋರದಂತೆಯೂ ಇರುವ ಬಾಯಿಯನ್ನು ರಚಿಸಿದನು. ಅದೇ ವರ್ಷ ಎಡ್ವರ್ಡ್ ಸೀಮೋರ್ ಎಂಬ ಬಣ್ಣದ ವ್ಯಾಪಾರಿಯು ತನ್ನ ಅಲ್ಯುಮಿನಿಯಮ್ ಬಣ್ಣವನ್ನು ಗಿರಾಕಿಗಳಿಗೆ ತೋರಿಸುವ ಉಪಾಯವನ್ನು ಹುಡುಕುತ್ತಿದ್ದನು. ಅದನ್ನು ಇಂಥ ಡಬ್ಬಿಯಲ್ಲಿ ತುಂಬಿ ನೋಡಬಹುದೆಂದು ಸೂಚಿಸಿದವಳು ಆತನ ಪತ್ನಿ ಬೋನಿ. ಬಣ್ಣದ ಡಬ್ಬಿಯ ಉದ್ಯಮವು ಹೀಗೆ ಒಬ್ಬ ಗೃಹಿಣಿಯ ಮಾತಿನಿಂದ ಬೆಳೆಯಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ಗಮನಿಸಬೇಕು.

ಇನ್ನು ಗಂಡಾಂತರದ ವಿಷಯ. ಫ್ರಿಯಾನ್ ಅನಿಲಕ್ಕೆ ಬೆಂಕಿ ಹತ್ತದು. ಅದು ವಿಷವೂ ಅಲ್ಲ. ಬೇರೆ ಪದಾರ್ಥಗಳೊಡನೆ ಸುಲಭವಾಗಿ ಕೂಡಿಕೊಳ್ಳದು. ಈ ಗುಣಗಳಿಗಾಗಿಯೇ ಎಲ್ಲರೂ ಅದನ್ನು ಮೆಚ್ಚಿದರು. ಆದರೆ 1974ರಲ್ಲಿ ಮಾರಿಯೋ ಮೊಲಿನಾ ಮತ್ತು ಷೆರ್ವುಡ್ ರೋಲೆಂಡ್ ಎಂಬ ವಿಜ್ಞಾನಿಗಳು ಒಂದು ಪ್ರಶ್ನೆಯನ್ನೆತ್ತಿದರು: ಯಾವುದರೊಡನೆಯೂ ಕೂಡದ ಈ ಅನಿಲವು ಕಡೆಗೆ ಎಲ್ಲಿಗೆ ಹೋಗುವುದು? ಇಲ್ಲಿ ನಾಶವಾಗದೆ ಉಳಿದುದರಿಂದಲೇ ಅದು ಮೆಲ್ಲನೆ ವಾಯುಮಂಡಲದ ಮೇಲ್ಭಾಗಕ್ಕೆ ಏರುವುದು. ಅಲ್ಲಿ ಸೂರ್ಯನ ತೀಕ್ಷ್ಣಕಿರಣಗಳಿಂದ ಒಡೆದು ಕ್ಲೋರಿನ್ನನ್ನು ಬಿಡುವುದು. ಆ ಕ್ಲೋರಿನ್ ನಮ್ಮನ್ನು ಅದೇ ಕಿರಣಗಳಿಂದ ರಕ್ಷಿಸುವ ಓಜೋನನ್ನು ನಾಶಮಾಡುವುದೆಂದು ಅವರು ತೋರಿಸಿದರು. ಯಾವುದನ್ನು ಗುಣವೆಂದು ಎಣಿಸಿದ್ದರೋ ಅದೇ ದೋಷಕ್ಕೆ ಮೂಲವಾಯಿತು.

ಅಮೆರಿಕಾ ದೇಶವು 1978ರಲ್ಲಿ ಡಬ್ಬಿಗಳಲ್ಲಿ ಈ ಅನಿಲದ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿತು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದಕ್ಕೆ ಸೇರಿತು. ಆ ವಿಜ್ಞಾನಿಗಳಿಬ್ಬರಿಗೂ ಪಾಲ್ ಕ್ರುಟ್ಸೆನ್ ಎಂಬವರಿಗೂ 1995ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಓಜೋನ್ ಪದರವು ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ.

ಇಂದಿನ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಪ್ರೊಪೇನ್, ಬ್ಯುಟೇನ್ ಮುಂತಾದುವು. ಅಡಿಗೆಯ ಸಿಲಿಂಡರಿನಲ್ಲಿರುವುದೂ ಇವೇ. ಇವು ಓಜೋನಿಗೆ ಹಾನಿಮಾಡವು, ಆದರೆ ಬೇಗನೆ ಉರಿಯುವುವು. ಆದುದರಿಂದ ದೀಪದ ಅಥವಾ ಒಲೆಯ ಬಳಿ ಇವನ್ನು ಸಿಂಪಡಿಸಕೂಡದು, ಬಿಸಿಲಿನಲ್ಲಿ ಇಡಕೂಡದು, ಬರಿದಾಯಿತೆಂದು ಕಂಡ ಡಬ್ಬಿಯನ್ನೂ ಬೆಂಕಿಗೆ ಎಸೆಯಕೂಡದು, ಏಕೆಂದರೆ ಒಳಗೆ ಉಳಿದ ಆವಿಯು ಹಿಗ್ಗಿ ಡಬ್ಬಿಯು ಸಿಡಿಯುವುದು. ಮಕ್ಕಳಿಗೆ ಇದನ್ನು ಹೇಳಿಕೊಡುವುದು ತಾಯಂದಿರ ಕರ್ತವ್ಯ. ಇದರ ಜೊತೆಗೆ, ಹೊಸ ವಸ್ತುವೊಂದು ಮನೆಗೆ ಬಂದಾಗ ಅದು ಏನು ಮಾಡುವುದೆಂದು ಮಾತ್ರವಲ್ಲದೆ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುವುದೆಂದೂ ಕೇಳುವ ಅಭ್ಯಾಸವನ್ನು ಅವರಲ್ಲಿ ಬೆಳೆಸಿದರೆ, ಈ ಚರಿತ್ರೆಯನ್ನು ಓದಿದುದು ಸಾರ್ಥಕವಾಗುವುದು.