ಬರೀ ‘ಅಂತೆ’ ಹುಡುಕಬೇಡಿ

ಮಕ್ಕಳೇ, ಅಲಂಕಾರದ ಪ್ರಶ್ನೆ ಕಂಡ ಕೂಡಲೇ ನೀವು ಸಾಲಿನಲ್ಲಿ ‘ಅಂತೆ’ ಇದೆಯಾ ಎಂದು ಹುಡುಕುತ್ತೀರಿ. ಸಿಕ್ಕರೆ ಉಪಮೆ, ಸಿಗದಿದ್ದರೆ ರೂಪಕ ಎಂದು ಬರೆದು ಮುಂದಕ್ಕೆ ಹಾರುತ್ತೀರಿ. ಈ ಅಡ್ಡದಾರಿ ಬಿಡಿ. ‘ವಿಮಾನ ತಡವಂತೆ’ ಎಂದು ಅಪ್ಪ ಫೋನಿನಲ್ಲಿ ಹೇಳುತ್ತಾರಲ್ಲ, ಅಲ್ಲೂ ‘ಅಂತೆ’ ಇದೆ. ಅದು ಯಾರೋ ಹೇಳಿದ್ದನ್ನು ದಾಟಿಸುವ ಮಾತು, ಹೋಲಿಕೆಯಲ್ಲ. ಪ್ರಶ್ನೆಯಲ್ಲಿ ಕೊಟ್ಟ ಸಾಲಿನಲ್ಲಿ ಯಾವ ಎರಡು ವಸ್ತುಗಳಿವೆ, ಅವೆರಡನ್ನೂ ಹತ್ತಿರ ತಂದ ಗುಣ ಯಾವುದು? ಮೊದಲು ಇದನ್ನು ಕೇಳಿಕೊಳ್ಳಿ.

ಶಂಶಾಬಾದಿನಲ್ಲಿ ಬೆಳೆಯುವ ನಿಮಗೆ ಉದಾಹರಣೆಗೆಂದು ಕಮಲ, ಚಂದ್ರರೇ ಬೇಕಿಲ್ಲ. 2008ರಿಂದ ಇಲ್ಲಿ ವಿಮಾನ ನಿಲ್ದಾಣವಿದೆ. ಸಂಜೆ ಮಹಡಿ ಹತ್ತಿ ನೋಡಿ. ಚಕ್ರ ಹೊರಚಾಚಿ, ಮೂಗು ತುಸು ಮೇಲೆತ್ತಿ, ಹೊಟ್ಟೆಯಡಿ ಕೆಂಪು ದೀಪ ಮಿನುಗಿಸುತ್ತ ವಿಮಾನ ಇಳಿಯುತ್ತದೆ. ಮೂಗು, ಹೊಟ್ಟೆ ಎಂದೆನಲ್ಲ, ಅವೂ ರೂಪಕಗಳೇ. ಬಳಸಿ ಬಳಸಿ ಸವೆದು ಹೋಗಿದ್ದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ.

‘ರೆಕ್ಕೆ ಚಾಚಿದ ಹದ್ದಿನಂತೆ ವಿಮಾನ ತೇಲಿ ಇಳಿಯಿತು.’ ಇದು ಉಪಮೆ. ವಿಮಾನ ಉಪಮೇಯ, ಹದ್ದು ಉಪಮಾನ, ‘ಅಂತೆ’ ಉಪಮಾವಾಚಕ, ತೇಲಿ ಇಳಿಯುವುದು ಸಮಾನಧರ್ಮ. ‘ವಿಮಾನವೆಂಬ ಹದ್ದು ನೆಲಕ್ಕಿಳಿಯಿತು’ ಎಂದರೆ ರೂಪಕ. ಇಲ್ಲಿ ಎರಡಕ್ಕೂ ಭೇದವೇ ಇಲ್ಲ. ‘ಸದ್ದಿಗೆ ಆಕಾಶವೇ ಬಿರಿಯಿತು’ ಎಂಬುದು ಅತಿಶಯೋಕ್ತಿ.

ನೀವು ಎಡವುವುದು ಉತ್ಪ್ರೇಕ್ಷೆಯಲ್ಲಿ. ‘ನಕ್ಷತ್ರಗಳೇ ನೆಲಕ್ಕಿಳಿದು ಸಾಲುಗಟ್ಟಿ ನಿಂತಿವೆಯೋ ಎಂಬಂತೆ ರನ್‌ವೇ ದೀಪಗಳು ಹೊಳೆದವು.’ ಇಲ್ಲೂ ‘ಅಂತೆ’ ಕಂಡು ಉಪಮೆ ಎನ್ನುತ್ತೀರಿ. ಹದ್ದು ಇಳಿಯುವುದನ್ನು ಯಾರು ಬೇಕಾದರೂ ನೋಡಬಹುದು. ನಕ್ಷತ್ರ ಸಾಲುಗಟ್ಟಿ ನಿಂತದ್ದನ್ನು ಕಂಡವರಿಲ್ಲ, ಅದು ಬರೆದವನ ಕಲ್ಪನೆ. ಹೀಗೆ ನಡೆಯದ್ದನ್ನು ನಡೆದಿರಬಹುದೋ ಎಂಬಂತೆ ಊಹಿಸಿ ಹೇಳಿದರೆ ಉತ್ಪ್ರೇಕ್ಷೆ. ಮಾತಿನಲ್ಲಿ ‘ಉತ್ಪ್ರೇಕ್ಷೆ ಮಾಡಬೇಡ’ ಎನ್ನುವಾಗಿನ ಅರ್ಥವನ್ನು ಪರೀಕ್ಷೆಗೆ ಹೊತ್ತೊಯ್ಯಬೇಡಿ. ಹಿಗ್ಗಿಸಿ ಹೇಳುವುದಕ್ಕೆ ಅತಿಶಯೋಕ್ತಿ ಇದೆ.

ಮುಚ್ಚಿಂತಲದ ರಾಮಾನುಜಾಚಾರ್ಯರ ಮೂರ್ತಿಯನ್ನು ನೀವೆಲ್ಲ ನೋಡಿದ್ದೀರಿ. 216 ಅಡಿ ಎನ್ನುವುದು ಅಳತೆ, ಮುಗಿಲು ಮುಟ್ಟುವ ಮೂರ್ತಿ ಎನ್ನುವುದು ಅತಿಶಯೋಕ್ತಿ. 2022ರಲ್ಲಿ ಅನಾವರಣವಾದ ಅದರ ಹೆಸರನ್ನೂ ಗಮನಿಸಿ: ಸಮತಾ ಮೂರ್ತಿ. ಸಮತೆಗೆ ಕೈಕಾಲಿಲ್ಲ, ಮುಖವಿಲ್ಲ. ಕಣ್ಣಿಗೆ ಕಾಣದ ಒಂದು ಮೌಲ್ಯಕ್ಕೆ ನಮ್ಮ ಮೇಲುಕೋಟೆಯಲ್ಲೂ ನೆಲೆಸಿದ್ದ ಆಚಾರ್ಯರೊಬ್ಬರ ದೇಹ ಕೊಟ್ಟಿದ್ದಾರೆ. ರೂಪಕ ಪುಸ್ತಕದಲ್ಲಷ್ಟೇ ಇರುತ್ತದೆ ಎಂದುಕೊಂಡವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಎರಡನ್ನೂ ಹೇಗೆ ಓದುವುದು ಎಂದು ಹೆದರಬೇಡಿ. ಉಪಮೆ, ರೂಪಕ, ಉತ್ಪ್ರೇಕ್ಷೆ, ಅತಿಶಯೋಕ್ತಿ ಎಂಬ ಹೆಸರುಗಳು ಎರಡೂ ಕಡೆ ಒಂದೇ. ಅಲ್ಲಿ ‘ವಲೆ’, ‘ಲಾಗಾ’. ಇಲ್ಲಿ ‘ಅಂತೆ’, ‘ಹಾಗೆ’. ಒಂದು ಭಾಷೆಯಲ್ಲಿ ಅರ್ಥವಾದರೆ ಇನ್ನೊಂದರಲ್ಲೂ ಆದಂತೆಯೇ. ಕನ್ನಡದಲ್ಲಿ ಈ ವಿದ್ಯೆಗೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸು. 9ನೇ ಶತಮಾನದ ‘ಕವಿರಾಜಮಾರ್ಗ’ದ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳದ್ದೇ. ಅದು ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಳಖೇಡ ದೂರವೇನಲ್ಲ, ರೈಲಿನಲ್ಲಿ ತಾಂಡೂರು, ಸೇಡಂ ದಾಟಿದರೆ ಸಿಗುತ್ತದೆ. ಕಾಚಿಗೂಡದ ಕನ್ನಡ ಶಾಲೆಗೂ ಅವನದೇ ಹೆಸರು.

ಇನ್ನೊಂದು ಮಾತು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲಿ ‘ಅಂತೆ’ಯೂ ಇಲ್ಲ, ‘ಎಂಬ’ವೂ ಇಲ್ಲ. ಎರಡು ವಾಕ್ಯಗಳು ಬಿಂಬ ಪ್ರತಿಬಿಂಬವಾಗಿ ನಿಂತಿವೆ. ಇದು ದೃಷ್ಟಾಂತ. ಉತ್ತರ ಬರೆಯುವಾಗ ಹೆಸರಷ್ಟೇ ಬರೆದು ನಿಲ್ಲಿಸದೆ, ಆ ಅಲಂಕಾರ ಸಾಲಿಗೆ ಹೇಗೆ ಹೊಂದುತ್ತದೆ ಎಂಬ ಸಮನ್ವಯವನ್ನೂ ಬರೆಯಿರಿ. ನಿಮಗೆ ಅರ್ಥವಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುವುದು.

ಹಾಗೆಂದು ನಿಮ್ಮ ಪ್ರಬಂಧದಲ್ಲಿ ಸಾಲಿಗೊಂದು ಉಪಮೆ ತುರುಕಬೇಡಿ. ಯಾವ ಗೇಟಿಗೆ ಹೋಗಬೇಕು ಎಂದು ತಿಳಿಸುವ ಪ್ರಕಟಣೆಗೆ ಅಲಂಕಾರ ಬೇಕಿಲ್ಲ, ವಿಜ್ಞಾನದ ಉತ್ತರಕ್ಕೂ ಬೇಕಿಲ್ಲ. ಪುಟಕ್ಕೊಂದು ಇದ್ದರೆ ಸಾಕು, ಅದು ನೀವೇ ಕಣ್ಣಾರೆ ಕಂಡು ಕಟ್ಟಿದ್ದಾಗಿರಲಿ.