ಯಾವ ಗಡಿಯಾರ ನೋಡ್ತಿದ್ದೀಯ?

ಸಿ ಕೋಡು ಎಷ್ಟು ಹೊತ್ತು ಓಡುತ್ತದೆಂದು ಅಳೆಯೋಕೆ ನೀನು ಆರಿಸಿಕೊಂಡ ಪುಟ್ಟ ಲೈಬ್ರರಿ ಚೆನ್ನಾಗಿದೆ ಕಣಮ್ಮ. ಒಂದೇ ಹೆಡರ್ ಫೈಲು. ಶುರು ಮಾಡೋಕೆ ಒಂದು ಫಂಕ್ಷನ್ನು, ನಿಲ್ಲಿಸೋಕೆ ಇನ್ನೊಂದು. ಇದಕ್ಕಿಂತ ಭಾರವಾದರೆ ಅಳೆಯುವ ಖರ್ಚೇ ಲೆಕ್ಕದಲ್ಲಿ ಸೇರಿಕೊಳ್ಳುತ್ತೆ. ಆದರೆ ಬಳಸೋಕೆ ಮುಂಚೆ ಆ ಹೆಡರ್ ತೆರೆದು, ಒಳಗಿರೋದು ಯಾವ ಗಡಿಯಾರ ಅಂತ ಓದಿ ನೋಡು.

ಬರೀ ಕ್ಲಾಕ್ ಫಂಕ್ಷನ್ ಇದ್ದರೆ, ಲಿನಕ್ಸಿನಲ್ಲಿ ಅದು ಹೇಳೋದು ನಿನ್ನ ಪ್ರೋಗ್ರಾಮಿಗಾಗಿ ಪ್ರೊಸೆಸರ್ ದುಡಿದ ಹೊತ್ತನ್ನು ಮಾತ್ರ. ಡಿಸ್ಕಿಗೋ ನೆಟ್‌ವರ್ಕಿಗೋ ಕಾದು ಕೂತದ್ದು ಲೆಕ್ಕಕ್ಕೇ ಬರಲ್ಲ. ನಾಲ್ಕು ಥ್ರೆಡ್ ಓಡಿಸಿದರೆ ನಾಲ್ಕರದ್ದೂ ಕೂಡಿ ತೋರಿಸುತ್ತೆ. ವಿಂಡೋಸ್‌ನಲ್ಲಿ ಅದೇ ಹೆಸರಿನ ಫಂಕ್ಷನ್ನು ಗೋಡೆ ಗಡಿಯಾರದ ಹೊತ್ತು ಕೊಡುತ್ತೆ!

ಗೆಟ್‌ಟೈಮ್‌ಆಫ್‌ಡೇ ಇದ್ದರೆ ಇನ್ನೂ ಹುಷಾರಾಗಿರು. ಮೈಕ್ರೊಸೆಕೆಂಡಿನವರೆಗೆ ಅಂಕಿ ತೋರಿಸುತ್ತೆ, ನಂಬಿಕೆ ಬರುತ್ತೆ. ಆದರೆ ಅದು ದಿನದ ಗಡಿಯಾರ, ಯಾರಾದರೂ ತಿದ್ದಿದರೆ ಹಿಂದಕ್ಕೂ ಹೋದೀತು. 2016ರ ಕೊನೆಗೆ ಲೀಪ್ ಸೆಕೆಂಡು ಸೇರಿಸಿದಾಗ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸರ್ವರುಗಳಲ್ಲಿ ಕೆಲವು ಎಡವಿದ್ದು ಹೀಗೇ. ಉತ್ತರ ಬರೋಕೆ ಹಿಡಿದ ಹೊತ್ತು ಸೊನ್ನೆಗಿಂತ ಕಡಿಮೆ ಅಂತ ಬಂತು. ಋಣ ಸಂಖ್ಯೆ ನಿರೀಕ್ಷಿಸದ ಕೋಡು ಅಲ್ಲೇ ಕುಸಿಯಿತು. ಅದು ಗೋ ಭಾಷೆಯ ಕೋಡು, ನಿಜ. ಆದರೆ ಆ ತೊಂದರೆಗೆ ಭಾಷೆಯ ಹಂಗಿಲ್ಲ. ಕ್ಲಾಕ್-ಗೆಟ್‌ಟೈಮ್‌ಗೆ ಮೊನೊಟಾನಿಕ್ ಗಡಿಯಾರ ಕೊಟ್ಟು ಕರೆದರೆ ಈ ಕಾಟ ಇಲ್ಲ, ಅದು ಹಿಂದಕ್ಕೆ ಓಡಲ್ಲ.

ಗಡಿಯಾರ ಸರಿಯಿದ್ದೂ ಅಳತೆ ಸುಳ್ಳಾಗಬಹುದು. ಲೂಪಿನ ಉತ್ತರ ಎಲ್ಲೂ ಬಳಕೆಯಾಗದಿದ್ದರೆ, ಓ2 ಫ್ಲ್ಯಾಗು ಹಾಕಿದಾಗ ಕಂಪೈಲರ್ ಆ ಲೂಪನ್ನೇ ತೆಗೆದುಹಾಕುತ್ತೆ. ನೀನು ಅಳೆದದ್ದು ಖಾಲಿ ಜಾಗ. ಕೋಡು ವಿಪರೀತ ವೇಗವಾಗಿ ಕಂಡರೆ ಹಿಗ್ಗಬೇಡ, ಅನುಮಾನಪಡು. ಉತ್ತರವನ್ನು ಪ್ರಿಂಟ್ ಮಾಡು, ಇಲ್ಲವೇ ವೊಲಟೈಲ್ ವೇರಿಯಬಲ್ಲಿಗೆ ಬರೆದಿಡು. ಚಿಕ್ಕ ಫಂಕ್ಷನ್ನಾದರೆ ಸಾವಿರಾರು ಸಲ ಓಡಿಸಿ, ಒಟ್ಟು ಹೊತ್ತನ್ನು ಅಷ್ಟರಿಂದ ಭಾಗಿಸು. ಮೊದಲ ಓಟದಲ್ಲಿ ಕ್ಯಾಶ್ ತುಂಬಿರಲ್ಲ, ಅದನ್ನು ಬೇರೆ ಬರೆದಿಟ್ಟುಕೋ.

ಅಳತೆ ತೋರಿಸೋಕೆ ಮೀಟಿಂಗಿಗೆ ಬರುವಾಗ ಸರಾಸರಿ ಒಂದನ್ನೇ ತರಬೇಡ. ಅತಿ ಕಡಿಮೆ, ನಡುವಣದ್ದು, ಅತಿ ಹೆಚ್ಚು ಮೂರನ್ನೂ ತಾ. ಯಾವ ಯಂತ್ರ, ಯಾವ ಕಂಪೈಲರ್, ಯಾವ ಫ್ಲ್ಯಾಗು ಅನ್ನೋದನ್ನೂ ಪಕ್ಕದಲ್ಲೇ ಬರಿ. ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿತ್ತೋ ಇಲ್ಲವೋ ಅಂತಲೂ ನಾನು ಕೇಳ್ತೀನಿ. ಬ್ಯಾಟರಿಯಲ್ಲಿದ್ದಾಗ ಎಷ್ಟೋ ಪ್ರೊಸೆಸರುಗಳು ವೇಗ ಇಳಿಸಿಕೊಂಡಿರುತ್ತವೆ.